ಬಾಡಿಗೆಗೆ ಕೊಟ್ಟ ಮನೇಲಿ ಗಾಂಜಾ ಬೆಳೆದಿದ್ರು, ಯುಕೆಲಿ ಯಾರಿಗಾದ್ರೂ ಹೀಗಾಗಿದ್ಯಾ? ಇನ್ಶೂರೆನ್ಸ್ ಬಗ್ಗೆ ಸಲಹೆ ಬೇಕು

ಹಾಸನದ_ಹುಡುಗ
ಎಲ್ರಿಗೂ ನಮಸ್ಕಾರ. 11 ವರ್ಷ ಇಂಗ್ಲೆಂಡಲ್ಲಿದ್ದು ಈಗ ಬೆಂಗಳೂರಿಗೆ ವಾಪಸ್ ಬಂದಿದೀನಿ. ಮಿಡ್‌ಲ್ಯಾಂಡ್ಸ್ ಕಡೆ ಮೂರು ಬೆಡ್‌ರೂಮಿನ ಟೆರೇಸ್ ಮನೆ (ಗೋಡೆಗೆ ಗೋಡೆ ಅಂಟಿದ ಸಾಲುಮನೆ) ಇದೆ, ಮಾರಕ್ಕೆ ಮನಸ್ಸು ಬರ್ಲಿಲ್ಲ, ಏಜೆಂಟ್ ಮೂಲಕ ಬಾಡಿಗೆಗೆ ಬಿಟ್ಟಿದ್ದೆ. ಬಂದವನು ಸೂಟು ಹಾಕ್ಕೊಂಡು ಬಂದಿದ್ನಂತೆ, ಆರು ತಿಂಗಳ ಬಾಡಿಗೆ ಒಟ್ಟಿಗೇ ಕೊಟ್ಟ, ಪೇಪರ್ಸ್ ಎಲ್ಲ ಸರಿ ಇದೆ ಅಂದ್ರು, ನಾನೂ ಖುಷಿಯಾಗಿ ಸೈನ್ ಹಾಕ್ದೆ.

ಹೋದ ವಾರ ಪೊಲೀಸ್ ಬಾಗಿಲು ಒಡೆದಿದಾರೆ. ಫೋಟೋ ನೋಡಿ ಊಟ ಸೇರ್ಲಿಲ್ಲ. ಕಿಟಕಿಗೆಲ್ಲ ಒಳಗಿಂದ ಕಪ್ಪು ಪ್ಲಾಸ್ಟಿಕ್ ಹೊಡ್ದಿದಾರೆ, ಸೀಲಿಂಗಲ್ಲಿ ದಪ್ಪ ದಪ್ಪ ಪೈಪ್ ಹೋಗೋಕೆ ತೂತು, ಮೀಟರ್ ಬೈಪಾಸ್ ಮಾಡಿ ನೇರ ಮೇನ್ ಲೈನಿಂದ ಕರೆಂಟು, ಕಾರ್ಪೆಟ್ ನೆಂದು ಕೊಳ್ತೋಗಿದೆ, ನನ್ನ ಮಗಳ ರೂಮಲ್ಲಿ ನಾವು ಅಂಟ್ಸಿದ್ದ ನಕ್ಷತ್ರದ ವಾಲ್‌ಪೇಪರ್ ಮೇಲೆ ಬೂಸ್ಟು ಬಂದಿದೆ. ಒಳಗೊಬ್ಬ ವಿಯೆಟ್ನಾಂ ಹುಡುಗ ಗಿಡಕ್ಕೆ ನೀರು ಹಾಕ್ಕೊಂಡಿದ್ನಂತೆ, ಅರೆಸ್ಟ್ ಮಾಡಿ ಕರ್ಕೊಂಡು ಹೋದ್ರು. ಟೆನೆಂಟ್ ಫೋನ್ ಸ್ವಿಚ್ ಆಫ್. ಈಗ ಇನ್ಶೂರೆನ್ಸ್ ಕ್ಲೇಮ್ ಆಗತ್ತಾ? ನನ್ನ ಮೇಲೇನಾದ್ರೂ ಕೇಸ್ ಬರತ್ತಾ?

ಬೋಂಡಾ_ಸೂಪ್
ಅಯ್ಯೋ ಪಾಪ. ಆರು ತಿಂಗಳ ಬಾಡಿಗೆ ಮೊದ್ಲೇ ಕೊಡೋವ್ನು ಬಂದಾಗ್ಲೇ ಎದೆ ಧಸಕ್ ಅನ್ಬೇಕು ಗುರು. ಪಾಲಿಸೀಲಿ ‘ಟೆನೆಂಟ್ ಮಾಡಿದ ಮ್ಯಾಲಿಶಿಯಸ್ ಡ್ಯಾಮೇಜ್’, ಅಂದ್ರೆ ಬೇಕಂತ್ಲೇ ಮಾಡಿದ ಹಾನಿ, ಅಂತ ಇದ್ಯಾ ನೋಡು, ಕೆಲವ್ರು ಗಾಂಜಾ ಅಂದ್ರೆ ಕೈ ಎತ್ತಿಬಿಡ್ತಾರೆ, ಕೊಡೋವ್ರೂ ಮೂರು ತಿಂಗಳಿಗೊಂದ್ಸಲ ಮನೆ ಇನ್‌ಸ್ಪೆಕ್ಷನ್ ಮಾಡಿದ ರೆಕಾರ್ಡ್ ಕೇಳೋದುಂಟು. ಏಜೆಂಟ್ ಒಂದ್ಸಲನಾದ್ರೂ ಒಳಗೆ ಹೋಗಿದ್ನಾ? ಕೇಸ್ ವಿಷ್ಯಕ್ಕೆ ತಲೆ ಕೆಡಿಸ್ಕೋಬೇಡ, 1971ರ ಡ್ರಗ್ಸ್ ಕಾಯ್ದೆ ಎಂಟನೇ ಸೆಕ್ಷನ್ ಹೇಳೋದು ಗೊತ್ತಿದ್ದೂ ಬಿಟ್ಟಿದ್ರೆ ಮಾತ್ರ ತಪ್ಪು ಅಂತ.

ಹಾಸನದ_ಹುಡುಗ
ಇನ್‌ಸ್ಪೆಕ್ಷನ್‌ಗೆ ಹೋದಾಗೆಲ್ಲ ಟೆನೆಂಟ್ ‘ಕೋವಿಡ್ ಇದೆ’ ‘ಊರಲ್ಲಿಲ್ಲ’ ಅಂದ್ನಂತೆ, ಏಜೆಂಟ್ ವಾಪಸ್ ಬಂದು ಫೀ ಮಾತ್ರ ತಗೊಂಡಿದಾನೆ. ಚಳಿಗಾಲದಲ್ಲಿ ಬೀದಿಯ ಎಲ್ಲಾ ಮನೆ ಮೇಲೂ ಸ್ನೋ ಇದ್ದು ನಮ್ಮನೆ ಮೇಲೊಂದೇ ಇರ್ಲಿಲ್ಲ ಅಂತ ಪಕ್ಕದ್ಮನೆ ಅಜ್ಜಿ ಈಗ ಹೇಳ್ತಾರೆ. ಒಳಗೆ ಅಷ್ಟು ಲೈಟು, ಅಷ್ಟು ಬಿಸಿ.

ಸುಮಾ_ಎಂ
ಆ ಹುಡುಗನ ವಯಸ್ಸೆಷ್ಟು?

ಹಾಸನದ_ಹುಡುಗ
ಪೊಲೀಸ್‌ಗೆ 19 ಅಂದ್ನಂತೆ. ಪಕ್ಕದ್ಮನೆ ಅಜ್ಜಿ ಪ್ರಕಾರ ‘ನನ್ನ ಮೊಮ್ಮಗನ ಥರ ಇದ್ದ, ಮೀಸೆ ಕೂಡ ಇರ್ಲಿಲ್ಲ.’ ಯಾಕೆ ಮೇಡಂ? ಇನ್ಶೂರೆನ್ಸ್‌ಗೆ ಅದು ಬೇಕಾ?

ಸುಮಾ_ಎಂ
ಇನ್ಶೂರೆನ್ಸ್‌ಗೆ ಬೇಡ. ನಾನು ಶಿವಮೊಗ್ಗದವಳು, ಇಲ್ಲಿ ಯುಕೆಲಿ ಒಂದು ಕೌನ್ಸಿಲ್‌ನಲ್ಲಿ (ಸ್ಥಳೀಯ ಆಡಳಿತ) ಮಕ್ಕಳ ಸೋಶಿಯಲ್ ವರ್ಕರ್, ಅದಕ್ಕೇ ಬಾಯಿ ಬಿಡದೆ ಇರಕ್ಕಾಗ್ಲಿಲ್ಲ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಮನೇಲಿ ನಷ್ಟ ಆಗಿರೋದು ನಿಜ. ಆದ್ರೆ ಆ ಹುಡುಗ ಅಲ್ಲಿ ಕಳ್ಳನಾಗಿ ಇದ್ನೋ, ಕದ್ದು ತಂದ ಮಾಲಾಗಿ ಇದ್ನೋ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಇವ್ರಿಗೆ ವಯಸ್ಸು ಕೇಳಿದ್ರೆ ಹೀಗೆ ಹೇಳು ಅಂತ ಮೊದ್ಲೇ ಬಾಯಿಪಾಠ ಮಾಡ್ಸಿರ್ತಾರೆ. ದೊಡ್ಡವನು ಅಂದ್ರೆ ಸೋಶಿಯಲ್ ವರ್ಕರ್ ಬರಲ್ಲ, ಫಾಸ್ಟರ್ ಮನೆ (ತಾತ್ಕಾಲಿಕವಾಗಿ ಸಾಕೋ ಕುಟುಂಬ) ಇಲ್ಲ, ಹೊರಗೆ ಬಂದ ತಕ್ಷಣ ಕರ್ಕೊಂಡು ಬಂದಿದ್ದ ಗ್ಯಾಂಗಿನವ್ರೇ ಮತ್ತೆ ಕರ್ಕೊಂಡು ಹೋಗ್ಬಹುದು. ಇನ್ನು ಕೆಲವ್ರು ನಿಜವಾಗ್ಲೂ ದೊಡ್ಡವ್ರಿದ್ದು ಚಿಕ್ಕವ್ರು ಅಂತ ಹೇಳೋದೂ ಇದೆ, ನಾನೇನು ಕಣ್ಣು ಮುಚ್ಕೊಂಡು ನಂಬಿ ಅಂತಿಲ್ಲ. ಅನುಮಾನ ಇದ್ರೆ ಇಬ್ರು ಸೋಶಿಯಲ್ ವರ್ಕರ್ ಕೂತು ವಯಸ್ಸಿನ ಅಸೆಸ್‌ಮೆಂಟ್ ಮಾಡ್ಬೇಕು, ಅಲ್ಲೀವರೆಗೆ ಮಗು ಅಂತ್ಲೇ ನೋಡ್ಬೇಕು.

ಧಾರವಾಡ್_ಮಂದಿ
ಸುಮಾ ಅಕ್ಕಾರ, ಒಂದ್ ಮಾತ್ ಕೇಳ್ತೀನಿ ಸಿಟ್ಟಾಗ್ಬ್ಯಾಡ್ರಿ. ನಾವೆಲ್ಲಾ ವೀಸಾಕ್ಕ ಲಕ್ಷಗಟ್ಲೆ ಸುರದು, ಬೆರಳಚ್ಚು ಕೊಟ್ಟು, ಲೈನಿನ್ಯಾಗ ನಿಂತು ಬಂದೇವಿ. ಇವ್ರು ಲಾರಿಯಾಗ ಕುಂತು ಕದ್ದು ಬರ್ತಾರ, ಬಂದು ಗಾಂಜಾ ಬೆಳಿತಾರ, ಸಿಕ್ ಮ್ಯಾಲ ‘ನಾ ಸಣ್ಣಾಂವ, ನನ್ನ ಯಾರೋ ತಂದಾರ’ ಅಂತಾರ. ಬಾಗ್ಲಾ ತಗದು ಓಡಿ ಹೋಗಾಕ ಏನಾಗಿತ್ತು? ಈ ಹಾಸನದವ್ರ ಮನಿ ಹಾಳಾತು, ಅದಕ್ಕ ಯಾರ್ ಅಳ್ತಾರ?

ಹಾಸನದ_ಹುಡುಗ
ನಂಗೂ ಅದೇ ಅನ್ಸಿದ್ದು ನಿಜ ಹೇಳ್ಬೇಕಂದ್ರೆ. ಮುಂದಿನ ಬಾಗಿಲಿಗೆ ಒಳಗಿಂದ ಚಿಲಕ ಅಷ್ಟೇ, ಹೊರಗಿಂದ ಬೀಗ ಹಾಕಿರ್ಲಿಲ್ಲ ಅಂತ ಏಜೆಂಟ್ ಹೇಳ್ದ. ಹೋಗ್ಬಹುದಿತ್ತಲ್ವಾ?

ಸುಮಾ_ಎಂ
ಈ ಪ್ರಶ್ನೆ ಕೋರ್ಟಲ್ಲೂ ಕೇಳಿದಾರೆ, ನೀವು ಕೇಳಿದ್ರಲ್ಲಿ ತಪ್ಪೇನಿಲ್ಲ. ಸ್ವಲ್ಪ ಉದ್ದ ಆಗತ್ತೆ, ಓದಿ.

ವಿಯೆಟ್ನಾಮಿನ ಮಧ್ಯಭಾಗದ ನ್ಘೆ ಆನ್, ಹಾ ತಿನ್ ಅನ್ನೋ ಪ್ರಾಂತ್ಯಗಳಿಂದ ಬರೋವ್ರು ಜಾಸ್ತಿ. ಮನೆಯವ್ರು ಜಮೀನಿನ ಪತ್ರ ಅಡ ಇಟ್ಟು ಸಾಲ ಮಾಡಿ ದಲ್ಲಾಳಿಗೆ ಕೊಡ್ತಾರೆ. ಎಷ್ಟೋ ಜನ ರಷ್ಯಾ ತನಕ ವಿಮಾನ, ಆಮೇಲೆ ಕಾಡು, ಲಾರಿ, ನಡಿಗೆ, ಪೋಲೆಂಡ್, ಜರ್ಮನಿ, ಫ್ರಾನ್ಸ್. ದಾರೀಲಿ ದುಡ್ಡು ಮುಗಿದ್ರೆ ಅಲ್ಲೇ ಕೆಲಸಕ್ಕೆ ಹಚ್ತಾರೆ, ಹುಡ್ಗೀರಾದ್ರೆ ಇನ್ನೂ ಏನೇನೋ. ಇಲ್ಲಿಗೆ ಬಂದ್ಮೇಲೆ ಸಾಲ ತೀರೋತನಕ ಗಿಡ ನೋಡ್ಕೋ ಅಂತಾರೆ. ಸಾಲ ಎಷ್ಟು ಉಳ್ದಿದೆ ಅಂತ ಹೇಳೋವ್ನು ಅವನೇ, ದುಡಿಸ್ಕೊಳ್ಳೋವ್ನು. ಅನ್ನ, ಬಾಡಿಗೆ, ಸತ್ತ ಗಿಡ ಎಲ್ಲ ಹುಡುಗನ ಲೆಕ್ಕಕ್ಕೆ. ಓಡಿಹೋದ್ರೆ ಊರಲ್ಲಿ ಅಪ್ಪನ ಮನೆ ಬಾಗಿಲಿಗೆ ಜನ ಹೋಗ್ತಾರೆ. ಅದಕ್ಕೇ ಬಾಗಿಲಿಗೆ ಬೀಗ ಹಾಕೋ ಖರ್ಚೂ ಇಲ್ಲ ಇವ್ರಿಗೆ. ಹೊರಗೆ ಹೋಗಿ ಯಾರನ್ನ ಕೇಳ್ತಾನೆ, ಭಾಷೆ ಬರಲ್ಲ, ತಾನಿರೋ ಊರಿನ ಹೆಸ್ರೇ ಗೊತ್ತಿಲ್ಲ, ಪೊಲೀಸ್ ಅಂದ್ರೆ ಹೊಡೀತಾರೆ ಅಂತ ತಲೆಗೆ ತುಂಬಿರ್ತಾರೆ.

ಧಾರವಾಡದವ್ರು ಲಾರಿ ಅಂದ್ರಲ್ಲ. 2019ರ ಅಕ್ಟೋಬರ್ 23ಕ್ಕೆ ಎಸೆಕ್ಸ್‌ನಲ್ಲಿ ಲಾರಿ ಕಂಟೇನರ್ ಬಾಗಿಲು ತೆಗೆದಾಗ 39 ಹೆಣ ಸಿಕ್ತು ನೆನಪಿದ್ಯಾ, ಎಲ್ರೂ ವಿಯೆಟ್ನಾಮಿನವ್ರು. ಅದ್ರಲ್ಲಿ ಹತ್ತು ಜನ ಹದಿಹರೆಯದವ್ರು, ಇಬ್ರಿಗೆ ಬರೀ 15. ಬೆಲ್ಜಿಯಂನ ಜೇಬ್ರೂಗ ಬಂದರಿಂದ ಮುಚ್ಚಿದ ಪೆಟ್ಟಿಗೇಲಿ ಗಾಳಿ ಇಲ್ದೆ ಸತ್ತಿದ್ದು. ಲೆಕ್ಕದ ಪ್ರಕಾರ ಅದು ‘ಸ್ಮಗ್ಲಿಂಗ್’, ದುಡ್ಡು ಕೊಟ್ಟು ಗಡಿ ದಾಟಿದ್ದು. ಟ್ರಾಫಿಕಿಂಗ್ ಅಂದ್ರೆ ದುಡಿಸ್ಕೊಳ್ಳೋ ಉದ್ದೇಶದಿಂದ ಸಾಗ್ಸೋದು. ಪುಸ್ತಕದಲ್ಲಿ ಎರಡೂ ಬೇರೆ, ದಾರೀಲಿ ಒಂದು ಇನ್ನೊಂದಾಗೋಕೆ ಒಂದು ರಾತ್ರಿ ಸಾಕು. ಮತ್ತೆ ಟ್ರಾಫಿಕಿಂಗ್ ತಡೆಯೋಕೆ ವಿಶ್ವಸಂಸ್ಥೆ ಮಾಡಿದ 2000ದ ಪಲೆರ್ಮೊ ಒಪ್ಪಂದದ ಪ್ರಕಾರ 18ಕ್ಕಿಂತ ಕೆಳಗಿನವ್ರ ‘ಒಪ್ಪಿಗೆ’ಗೆ ಬೆಲೆನೇ ಇಲ್ಲ. ಮೋಸ ಮಾಡಿದ್ರಾ, ಹೊಡೆದ್ರಾ ಅಂತ ತೋರ್ಸೋದೂ ಬೇಡ, ದುಡಿಸ್ಕೊಳ್ಳೋಕೆ ತಂದ್ರು ಅಂದ್ರೆ ಮುಗೀತು.

ಮಸ್ಕಿ_ಮಾಸ್ತರ
ಸಾಲ ಎಷ್ಟು ಉಳಿದೈತಿ ಅಂತ ಹೇಳೋನು ಅವನೇ ಅಂದ್ರಲ್ಲ ಅಕ್ಕಾರ, ಅಲ್ಲಿಗೆ ನನಗ ಎಲ್ಲಾ ತಿಳೀತು. ನಮ್ ರಾಯಚೂರ ಕಡಿ ಇದಕ್ಕ ಜೀತ ಅಂತಾರ. ನಮ್ಮ ಅಜ್ಜ ಎರಡು ಚೀಲ ಜ್ವಾಳಕ್ಕ ಗೌಡರ ಮನಿಯಾಗ ಇಟ್ಟ ಹುಡುಗ. ಎತ್ತು ಮೇಸಾಕ ದಿನಾ ಊರ ಹೊರಗ ಹೋಗ್ತಿದ್ದ, ಯಾರೂ ಹಗ್ಗ ಕಟ್ಟಿರಲಿಲ್ಲ, ಸಂಜೀಕ ತಾನ ತಿರುಗಿ ಬರ್ತಿದ್ದ. ‘ಯಾಕ ಓಡಿ ಹೋಗ್ಲಿಲ್ಲಪಾ’ ಅಂತ ನಾ ಸಣ್ಣಾಂವಿದ್ದಾಗ ಕೇಳಿದ್ನಿ, ‘ಎಲ್ಲಿಗಿ?’ ಅಂದ. ಅಷ್ಟ ಅಂದ. 1976ರಾಗ ಕಾಯ್ದೆ ಬಂದು ಸಾಲ ಎಲ್ಲಾ ರದ್ದು ಅಂದ ಮ್ಯಾಲೂ ಎರಡು ವರ್ಷ ಅಲ್ಲೇ ಇದ್ದ, ಯಾರೂ ಹೇಳಿರಲಿಲ್ಲ ಅವಗ.

ಧಾರವಾಡ್_ಮಂದಿ
ಮಾಸ್ತರ, ಆ ಕಾಲ ಬ್ಯಾರೆ ಬಿಡ್ರಿ. ಇದು ಇಂಗ್ಲೆಂಡ್. ಇಲ್ಲಿ ಬೆಕ್ಕಿಗೂ ಕಾನೂನ ಐತಿ.

ಸುಮಾ_ಎಂ
ಕಾನೂನಿದೆ, 2015ರಲ್ಲಿ ಮಾಡರ್ನ್ ಸ್ಲೇವರಿ ಆಕ್ಟ್ ಮಾಡಿದ್ರು. ಅದ್ರ 45ನೇ ಸೆಕ್ಷನ್ ಈ ಹುಡುಗನಂಥವ್ರಿಗೇ ಇರೋದು, ಮಗು ಅಪರಾಧ ಮಾಡಿದ್ದು ದುಡಿಸ್ಕೊಂಡಿದ್ರ ನೇರ ಫಲ ಆಗಿದ್ರೆ, ಅದೇ ಪರಿಸ್ಥಿತೀಲಿ ಯಾರೇ ಇದ್ರೂ ಹಾಗೇ ಮಾಡ್ತಿದ್ರು ಅನ್ನೋ ಹಾಗಿದ್ರೆ, ತಪ್ಪಿತಸ್ಥ ಅಲ್ಲ. ಕೊಲೆ, ದರೋಡೆ ಥರದವಕ್ಕೆ ಅನ್ವಯ ಆಗಲ್ಲ, ಗಾಂಜಾ ಗಿಡಕ್ಕೆ ಆಗತ್ತೆ. ಆದ್ರೆ ಮೊದಲ ರಾತ್ರಿ ಸ್ಟೇಷನ್‌ನಲ್ಲಿ ಸಿಗೋ ಡ್ಯೂಟಿ ವಕೀಲರಿಗೆ ಅದು ಹೊಳೀಬೇಕಲ್ಲ. ‘ಗಿಡದ ಜೊತೆ ಸಿಕ್ಕಿಬಿದ್ದಿದೀಯ, ತಪ್ಪೊಪ್ಕೋ, ಶಿಕ್ಷೆ ಕಮ್ಮಿ ಆಗತ್ತೆ’ ಅಂದ್ರೆ ಕತೆ ಮುಗೀತು.

ಹಾಗೇ ಆಗಿತ್ತು. 2009ರಲ್ಲಿ ಕೇಂಬ್ರಿಡ್ಜ್‌ನ ಒಂದು ಮನೇಲಿ ಒಬ್ಬ ಸಿಕ್ಕಿದ್ದ, ಇನ್ನೊಬ್ಬ ಲಂಡನ್‌ನಲ್ಲಿ, 15 ಮತ್ತು 17 ವಯಸ್ಸು. ಇಬ್ರೂ ತಪ್ಪೊಪ್ಕೊಂಡ್ರು, ಇಬ್ರನ್ನೂ ಒಳಗೆ ಹಾಕಿದ್ರು. ಕೇಂಬ್ರಿಡ್ಜ್ ಹುಡುಗನ ಹತ್ರ ಮೊಬೈಲ್ ಇತ್ತು, ಕೈಯಲ್ಲಿ ಸ್ವಲ್ಪ ದುಡ್ಡಿತ್ತು, ಇವನೆಂಥ ಗುಲಾಮ ಅನ್ನೋ ವಾದ. ಆ ಹುಡುಗ್ರು ಬಿಡ್ಲಿಲ್ಲ, ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕು ಕೋರ್ಟ್ ತನಕ ಹೋದ್ರು, 2021ರ ಫೆಬ್ರವರೀಲಿ ಬ್ರಿಟನ್ ವಿರುದ್ಧ ತೀರ್ಪು ಬಂತು, ಇಬ್ರಿಗೂ ತಲಾ 25,000 ಯೂರೋ ಪರಿಹಾರ. ಸಿಕ್ಕಿ ಹನ್ನೆರಡು ವರ್ಷ ಆದ್ಮೇಲೆ.

ಟೊರಿನೊ_ಪಿಎಚ್‌ಡಿ
ಇಟಲಿಯಿಂದ ಒಂದು ಮಾತು. ಇಲ್ಲಿ ನಾವು ನೋಡೋದು ನೈಜೀರಿಯಾದ ಹುಡ್ಗೀರು, ಅದ್ರಲ್ಲೂ ಎಡೋ ರಾಜ್ಯದ ಬೆನಿನ್ ಸಿಟಿ ಕಡೆಯವ್ರು. ಸಲೂನ್ ಕೆಲಸ ಅಂತ ಹೇಳಿ ಲಿಬಿಯಾ ಮೇಲೆ ದೋಣೀಲಿ ತರ್ತಾರೆ, ಇಲ್ಲಿಗೆ ಬಂದ್ರೆ ‘ಮೇಡಂ’ ಅನ್ನೋ ಹೆಂಗಸು ಹತ್ತಾರು ಸಾವಿರ ಯೂರೋ ಸಾಲದ ಲೆಕ್ಕ ಹಿಡ್ಕೊಂಡು ಕೂತಿರ್ತಾಳೆ, ರೋಡಲ್ಲಿ ನಿಲ್ಲಿಸ್ತಾಳೆ. ನಮ್ಮ ಲ್ಯಾಬ್ ಬಸ್ಸು ಹೋಗೋ ದಾರೀಲಿ ಚಳೀಲಿ ಬೆಂಕಿ ಹಾಕ್ಕೊಂಡು ನಿಂತಿರ್ತಿದ್ರು, ನಾನು ಮೊದಲ ವರ್ಷ ಪೂರ್ತಿ ಬಸ್‌ಸ್ಟಾಪ್ ಅಂದ್ಕೊಂಡಿದ್ದೆ, ಪೆದ್ದ ನಾನು.

ಇವ್ರಿಗೂ ಬೀಗ ಇಲ್ಲ. ಊರು ಬಿಡೋಕೆ ಮುಂಚೆ ಪೂಜಾರಿ ಹತ್ರ ಕರ್ಕೊಂಡು ಹೋಗಿ ಉಗುರು, ಕೂದ್ಲು ತಗೊಂಡು ಆಣೆ ಮಾಡ್ಸಿರ್ತಾರೆ, ಸಾಲ ತೀರಿಸ್ದೆ ಬಾಯಿ ಬಿಟ್ರೆ ಹುಚ್ಚು ಹಿಡಿಯತ್ತೆ, ಮನೇಲಿ ಸಾಯ್ತಾರೆ ಅಂತ. ಇಲ್ಲಿನವ್ರು ನಗ್ತಾರೆ, ನಂಗೆ ನಗು ಬರ್ಲಿಲ್ಲ. ನಮ್ಮಲ್ಲಿ ಮಂಜುನಾಥನ ಮೇಲೆ ಆಣೆ ಇಡು ಅಂದ್ರೆ ಕೋಟಿಗಟ್ಲೆ ಜಗಳ ಅಲ್ಲೇ ನಿಲ್ಲಲ್ವಾ? 2018ರ ಮಾರ್ಚಲ್ಲಿ ಬೆನಿನ್ ರಾಜ, ಅವ್ರನ್ನ ಓಬಾ ಅಂತಾರೆ, ಎಲ್ಲ ಪೂಜಾರಿಗಳನ್ನೂ ಕರೆಸಿ ಇಂಥ ಆಣೆಗಳೆಲ್ಲ ಇವತ್ತಿಗೆ ರದ್ದು, ಇನ್ಮುಂದೆ ಮಾಡ್ಸಿದವ್ರಿಗೇ ಶಾಪ ತಟ್ಲಿ ಅಂದುಬಿಟ್ರು. ಪೊಲೀಸ್ ಹೇಳಿದ್ರೆ ನಂಬದವ್ರೂ ಇದನ್ನ ನಂಬಿದ್ರಂತೆ. ಆದ್ರೆ ಸಾಲ ಮಾತ್ರ ಯಾರೂ ರದ್ದು ಮಾಡ್ಲಿಲ್ಲ.

ಕುಡ್ಲದ_ಬಾಯಿ
ನಾನು ಮತ್ತು ನಮ್ಮವ್ರು ಇಲ್ಲಿ ಫಾಸ್ಟರ್ ಕೇರರ್ಸ್, ಹತ್ತು ವರ್ಷ ಆಯ್ತು. ಯಾರಿಗೂ ಗುರುತು ಸಿಗಬಾರ್ದು ಅಂತ ವಿವರ ಸ್ವಲ್ಪ ಬದಲಿಸಿ ಹೇಳ್ತೇನೆ. ಒಂದು ರಾತ್ರಿ ಹನ್ನೊಂದು ಗಂಟೆಗೆ ಇಂಥದ್ದೇ ಒಬ್ಬ ಹುಡುಗನನ್ನು ತಂದು ಬಿಟ್ರು. ಕೈಯಲ್ಲಿ ಏನೂ ಇಲ್ಲ, ಪೊಲೀಸ್ ಕೊಟ್ಟ ಬೂದಿ ಬಣ್ಣದ ಟ್ರ್ಯಾಕ್‌ಸೂಟ್ ಅಷ್ಟೆ. ಬೆರಳ ತುದಿಯೆಲ್ಲ ಗೊಬ್ಬರದ ನೀರಿಗೆ ಸುಲಿದು ಹೋಗಿತ್ತು. ಪಿಜ್ಜಾ ಇಟ್ಟೆ, ಮುಟ್ಟಲಿಲ್ಲ. ಮನೆಯಲ್ಲಿ ಕುಚ್ಚಲಕ್ಕಿ ಗಂಜಿ ಇತ್ತು ಮಾರಾಯ್ರೆ, ಬಿಸಿ ಮಾಡಿ ಉಪ್ಪಿನಕಾಯಿ ಜೊತೆ ಕೊಟ್ಟೆ, ನೋಡಿ ಏನೋ ಅಂದ, ಮೂರು ಬಟ್ಟಲು ತಿಂದ. ಅವರಲ್ಲೂ ಗಂಜಿ ಉಂಟಂತೆ, ಮತ್ತೆ ಗೊತ್ತಾಯ್ತು.

ಮಲಗುವಾಗ ಶೂ ಬಿಚ್ಚಲಿಲ್ಲ. ಎರಡನೇ ದಿನವೂ ಬಿಚ್ಚಲಿಲ್ಲ. ಮೂರನೇ ದಿನ ಬೆಳಿಗ್ಗೆ ಚಾ ತಗೊಂಡು ಹೋಗ್ತೇನೆ, ಹಾಸಿಗೆ ನೀಟಾಗಿ ಮಡಚಿಟ್ಟಿದೆ, ಹಿಂದಿನ ಕಿಟಕಿ ತೆರೆದಿದೆ, ನಾವು ತಂದ ಹೊಸ ಜಾಕೆಟ್ ಹ್ಯಾಂಗರಿನಲ್ಲೇ ಉಂಟು, ಟ್ಯಾಗ್ ಕೂಡ ತೆಗೆದಿಲ್ಲ. ಜೇಬಿನಲ್ಲಿ ನಂಬರ್ ಏನೂ ಇರಲಿಲ್ಲ, ಪೊಲೀಸ್ ನೋಡಿದ್ದರು. ನಂಬರ್ ಅವನ ತಲೆಯಲ್ಲಿತ್ತು. ನಮ್ಮ ಲ್ಯಾಂಡ್‌ಲೈನಿನಿಂದಲೇ ರಾತ್ರಿ ಒಂದು ಕಾಲ್ ಹೋಗಿದೆ, 40 ಸೆಕೆಂಡ್. ಮತ್ತೆ ಸಿಗಲಿಲ್ಲ.

ಅದಾದ ಮೇಲೆ ಬಂದವನೊಬ್ಬ ನಿಂತ. ಯಾಕೆ ಅವನು ನಿಂತ, ಇವನು ಹೋದ ಅಂತ ಕೇಳಿದ್ರೆ ನನಗೆ ಈಗಲೂ ಸರಿಯಾಗಿ ಹೇಳ್ಲಿಕ್ಕೆ ಆಗುದಿಲ್ಲ. ಅವನಿಗೆ ಮೊದಲ ದಿನವೇ ಅವನ ಭಾಷೆ ಮಾತಾಡುವ ಗಾರ್ಡಿಯನ್ ಸಿಕ್ಕಿದ್ದು ಒಂದು ಕಾರಣ ಇರಬಹುದು. ಈಗ ಕಾಲೇಜಿನಲ್ಲಿ ಪ್ಲಂಬಿಂಗ್ ಕಲೀತಾನೆ, ನಮ್ಮ ಬಾತ್‌ರೂಮ್ ಎರಡು ಸಲ ಬಿಚ್ಚಿ ಹಾಕಿದ್ದಾನೆ.

ಬೋಂಡಾ_ಸೂಪ್
ಹೋಟೆಲ್‌ಗಳದ್ದು ಇನ್ನೂ ದೊಡ್ಡ ಹಗರಣ ಅಲ್ವಾ? ನಾನು ಬ್ರೈಟನ್ ಹತ್ರ ಇರೋದು, ಹೋವ್‌ನಲ್ಲಿ ಒಂದು ಹೋಟೆಲ್‌ಗೆ ಒಂಟಿಯಾಗಿ ಬಂದ ಮಕ್ಕಳನ್ನ ಹಾಕಿದ್ರು. ಹೋಮ್ ಆಫೀಸ್ (ಇಲ್ಲಿನ ಗೃಹ ಇಲಾಖೆ) 2021ರ ಜುಲೈಯಿಂದ ಇಂಥ ಹೋಟೆಲ್‌ಗಳಲ್ಲಿ ಇಟ್ಟಿದ್ದು ಸುಮಾರು 4,600 ಮಕ್ಕಳು, ಅದ್ರಲ್ಲಿ 200 ಮಕ್ಕಳು ಎಲ್ಲಿದಾರೋ ಗೊತ್ತಿಲ್ಲ ಅಂತ 2023ರ ಜನವರೀಲಿ ಪಾರ್ಲಿಮೆಂಟಲ್ಲಿ ಸರ್ಕಾರಾನೇ ಒಪ್ಕೊಳ್ತು. ಬಹುಪಾಲು ಅಲ್ಬೇನಿಯಾ ಹುಡುಗ್ರು. 200 ನಾಯಿಮರಿ ಕಳೆದ್ರೆ ಊರೆಲ್ಲಾ ಪೋಸ್ಟರ್ ಅಂಟ್ಸೋ ದೇಶ ಇದು. ಆಮೇಲೆ ಜುಲೈನಲ್ಲಿ ಹೈಕೋರ್ಟ್ ಇದನ್ನ ಪದ್ಧತಿ ಥರ ಮಾಡೋದು ಕಾನೂನುಬಾಹಿರ ಅಂತು.

ಲೂಟನ್_ಅಮ್ಮ
ಎಲ್ಲ ಓದಿ ಕೈ ನಡುಗ್ತಿದೆ. ಆದ್ರೆ ಇದು ಹೊರಗಿಂದ ಬಂದ ಮಕ್ಕಳ ಕತೆ ಮಾತ್ರನಾ? ನನ್ನ ಮಗನ ಕ್ಲಾಸಿನ ಹುಡುಗ, ಇಲ್ಲೇ ಹುಟ್ಟಿದವ್ನು, ನಾಲ್ಕು ದಿನ ಕಾಣೆಯಾಗಿ ಎಲ್ಲೋ ಸಮುದ್ರದ ಹತ್ರದ ಊರಲ್ಲಿ ಸಿಕ್ಕ. ಸ್ಕೂಲಿಂದ ಲೆಟರ್ ಬಂತು, ‘ಕೌಂಟಿ ಲೈನ್ಸ್’ ಅಂತ ಬರ್ದಿದಾರೆ. ನಾನು ರೈಲ್ವೆ ಲೈನ್ ಅಂದ್ಕೊಂಡೆ.

ಸುಮಾ_ಎಂ
ಲೈನ್ ಅಂದ್ರೆ ಇಲ್ಲಿ ಫೋನ್ ಲೈನ್, ಆರ್ಡರ್ ತಗೊಳ್ಳೋ ಒಂದು ಮೊಬೈಲ್ ನಂಬರ್. ಲಂಡನ್, ಬರ್ಮಿಂಗ್‌ಹ್ಯಾಮ್, ಲಿವರ್‌ಪೂಲ್‌ನ ಗ್ಯಾಂಗುಗಳು ಚಿಕ್ಕ ಊರುಗಳಿಗೆ ಮಕ್ಕಳ ಕೈಲಿ ಹೆರಾಯಿನ್, ಕ್ರ್ಯಾಕ್ ಕಳ್ಸೋದು. ಯಾರೋ ದುರ್ಬಲರ ಮನೆ ಹಿಡ್ಕೊಂಡು ಅಲ್ಲಿ ಕೂರಿಸ್ತಾರೆ. ಬ್ರಿಟನ್ನಿನ ಲೆಕ್ಕದಲ್ಲಿ 2023ರಲ್ಲಿ ಗುಲಾಮಗಿರಿಗೆ ಸಿಕ್ಕಿರಬಹುದು ಅಂತ ಎನ್‌ಆರ್‌ಎಂಗೆ, ಅಂದ್ರೆ ಇಂಥವ್ರನ್ನ ಗುರುತಿಸೋ ಸರ್ಕಾರಿ ವ್ಯವಸ್ಥೆಗೆ, ಹೋದವ್ರು 17,004 ಜನ, ಅದ್ರಲ್ಲಿ 7,432 ಜನ ಮಕ್ಕಳಾಗಿದ್ದಾಗ ಸಿಕ್ಕವ್ರು. ಮಕ್ಕಳ ಪಟ್ಟೀಲಿ ಮೊದಲ ಸ್ಥಾನ ಯಾವ ದೇಶದ್ದು ಗೊತ್ತಾ ಧಾರವಾಡದವ್ರೇ? ಬ್ರಿಟನ್ನಿಂದೇ.

ಇಲ್ಲೂ ಸಾಲದ್ದೇ ಆಟ. ಮೊದ್ಲು ಒಂದು ಟ್ರೈನರ್ಸ್, ಚಿಕನ್ ಬಾಕ್ಸ್, ‘ನಮ್ಮ ತಮ್ಮ ಇದ್ದಂಗೆ ನೀನು.’ ಆಮೇಲೆ ಒಂದು ಪೊಟ್ಟಣ ಕೊಟ್ಟು ಕಳ್ಸಿ, ದಾರೀಲಿ ತಮ್ಮದೇ ಹುಡುಗ್ರನ್ನ ಬಿಟ್ಟು ಚಾಕು ತೋರ್ಸಿ ಕಿತ್ಕೊಳ್ಳೋದು. ಮಾಲು ಕಳೆದವ್ನು ಹುಡುಗ, ಈಗ ಸಾವಿರಾರು ಪೌಂಡ್ ಬಾಕಿ. ಕಿತ್ಕೊಂಡವ್ರು ಯಾರು ಅಂತ ಅವನಿಗೆ ಯಾವತ್ತೂ ಗೊತ್ತಾಗಲ್ಲ. ಲೂಟನ್ ಅಮ್ಮ, ಎರಡನೇ ಫೋನು, ಎಲ್ಲಿಂದ ಬಂತು ಗೊತ್ತಿಲ್ಲದ ಶೂ, ಜೇಬಲ್ಲಿ ಬೇರೆ ಊರಿನ ಟ್ರೈನ್ ಟಿಕೆಟ್, ಇವನ್ನ ನೋಡಿ. ಬೈಯೋಕೆ ಮುಂಚೆ ಕೂರಿಸ್ಕೊಂಡು ‘ಯಾರಿಗಾದ್ರೂ ದುಡ್ಡು ಕೊಡೋದಿದ್ಯಾ’ ಅಂತ ಕೇಳಿ.

ಪ್ಯಾರಿಸ್_ಪಾರಿಜಾತ
ಒಂದು ಕಹಿ ಮಾತು ಹೇಳ್ಲಾ? 1994ರಲ್ಲಿ ಟೋಗೋದಿಂದ 15 ವರ್ಷದ ಹುಡುಗೀನ ಇಲ್ಲಿಗೆ ಕರ್ಕೊಂಡು ಬಂದ್ರು, ಟಿಕೆಟ್ ದುಡ್ಡು ತೀರೋತನಕ ಮನೆಗೆಲಸ ಮಾಡು, ಸ್ಕೂಲಿಗೆ ಸೇರಿಸ್ತೀವಿ ಅಂತ. ಆಮೇಲೆ ಇನ್ನೊಂದು ಮನೆಗೆ, ಮಿಕ್ಸಿ ಕೊಟ್ಟಂಗೆ ಕೈಸಾಲ ಕೊಟ್ರು. ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಹತ್ತೂವರೆ ತನಕ ದುಡಿತ, ಮಕ್ಕಳ ರೂಮಲ್ಲಿ ನೆಲದ ಮೇಲೆ ಹಾಸಿಗೆ, ಪಾಸ್‌ಪೋರ್ಟ್ ಅವ್ರ ಹತ್ರ. 2005ರಲ್ಲಿ ಅದೇ ಸ್ಟ್ರಾಸ್‌ಬರ್ಗ್ ಕೋರ್ಟ್, ಫ್ರಾನ್ಸ್ ಆ ಹುಡುಗೀನ ಕಾಪಾಡ್ಲಿಲ್ಲ ಅಂತು. ನಾನಿದನ್ನ ಓದಿದಾಗ ನಂಗೆ ನೆನಪಾಗಿದ್ದು ನೈಜೀರಿಯಾನೂ ಅಲ್ಲ ವಿಯೆಟ್ನಾಮೂ ಅಲ್ಲ, ನಮ್ಮ ದೊಡ್ಡಮ್ಮನ ಮನೇಲಿ ‘ಓದಿಸ್ತೀವಿ’ ಅಂತ ಊರಿಂದ ತಂದಿದ್ದ ಒಬ್ಳು. ಅವಳಿಗೂ ಹಾಸಿಗೆ ಮಕ್ಕಳ ರೂಮಲ್ಲೇ. ಆ ಮಕ್ಕಳು ಅಂದ್ರೆ ನಾವು.

ಮಸ್ಕಿ_ಮಾಸ್ತರ
🙏

ಹಾಸನದ_ಹುಡುಗ
ಎರಡು ದಿನ ಆದ್ಮೇಲೆ ಬರೀತಿದೀನಿ. ನಾಳೆ ಸ್ಕಿಪ್ (ಕಸ ತುಂಬೋ ದೊಡ್ಡ ಕಬ್ಬಿಣದ ತೊಟ್ಟಿ) ಬಂದು ಮನೇಲಿರೋದನ್ನೆಲ್ಲ ಎತ್ತಾಕೋದಿತ್ತು. ಕ್ಲೀನಿಂಗ್ ಮಾಡೋ ಹುಡುಗನಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ರೂಮೂ ತೋರ್ಸು ಅಂದೆ. ಬಾಯ್ಲರ್ ಇರೋ ಕಪಾಟಿದೆಯಲ್ಲ, ಅಲ್ಲಿ ಮಲ್ಗಿದಾನೆ ಆ ಹುಡುಗ, ಬೇರೆಲ್ಲ ರೂಮಲ್ಲೂ ಗಿಡ. ಕಾಲು ಚಾಚಕ್ಕಾಗಲ್ಲ ಅಲ್ಲಿ. ನೂಡಲ್ಸ್ ಪೊಟ್ಟಣ, ಒಂದು ದಿಂಬು. ಬಾಗಿಲಿನ ಒಳಗಡೆ ಒಂದು ಹಾಳೆ ಅಂಟ್ಸಿದಾರೆ, ಅವ್ರ ಭಾಷೇಲಿ ಬರ್ದಿದೆ, ತಾರೀಖು, ಪಕ್ಕದಲ್ಲಿ ನಂಬರ್‌ಗಳು. ಗಿಡಕ್ಕೆ ನೀರು ಹಾಕೋ ಟೈಮ್‌ಟೇಬಲ್ ಅಂದ್ಕೊಂಡೆ, ಆದ್ರೆ ನಂಬರ್ ತುಂಬಾ ದೊಡ್ಡದಿದೆ, ಮೇಲಿಂದ ಕೆಳಕ್ಕೆ ಕಮ್ಮಿ ಆಗ್ತಾ ಬಂದು ಒಂದು ಕಡೆ ಇದ್ದಕ್ಕಿದ್ದಂಗೆ ಜಾಸ್ತಿ ಆಗಿದೆ. ಪೊಲೀಸ್ ಇದನ್ನ ತಗೊಂಡೇ ಹೋಗಿಲ್ಲ. ಏನ್ಮಾಡ್ಲಿ?

ಸುಮಾ_ಎಂ
ಮುಟ್ಟಬೇಡಿ, ಹರೀಬೇಡಿ! ಇದ್ದಲ್ಲೇ ಫೋಟೋ, ವಿಡಿಯೋ ತೆಗೆಸಿ, ಕಪಾಟಿನ ಅಳತೆನೂ. ಕೇಸ್ ನಂಬರ್ ಹಾಕಿ ತನಿಖೆ ಆಫೀಸರ್‌ಗೆ ಇಮೇಲ್ ಮಾಡಿ, ಹುಡುಗನ ವಕೀಲರಿಗೂ ತಲುಪಿಸ್ಬೇಕು ಅಂತ ಅದ್ರಲ್ಲೇ ಬರೀರಿ. ವಯಸ್ಸು ಚಿಕ್ಕದಿರಬಹುದು ಅಂತ ಪಕ್ಕದ್ಮನೆಯವ್ರು ಹೇಳಿದ್ದನ್ನೂ ಸೇರಿಸಿ. ಎನ್‌ಆರ್‌ಎಂಗೆ ನೀವು ನಾವು ನೇರ ಕಳ್ಸಕ್ಕಾಗಲ್ಲ, ಪೊಲೀಸ್, ಕೌನ್ಸಿಲ್ ಥರದವ್ರೇ ಕಳ್ಸ್ಬೇಕು, ದೊಡ್ಡವ್ರಾದ್ರೆ ಅವ್ರ ಒಪ್ಪಿಗೆ ಬೇಕು, ಮಕ್ಕಳಿಗೆ ಬೇಡ. ಆಫೀಸರ್ ಉತ್ತರ ಕೊಡ್ಲಿಲ್ಲ ಅಂದ್ರೆ ಮಾಡರ್ನ್ ಸ್ಲೇವರಿ ಹೆಲ್ಪ್‌ಲೈನ್ 08000 121 700.

ಧಾರವಾಡ್_ಮಂದಿ
ಹಾಸನದವ್ರ, ಆ ಹಾಳಿ ಫೋಟೋ ಇಲ್ಲಿ ಹಾಕ್ಬ್ಯಾಡ್ರಿ ಮತ್ತ, ನೇರ ಅವ್ರಿಗೇ ಕಳಸ್ರಿ. ನಮ್ಮ ಆಫೀಸಿನ್ಯಾಗ ಒಬ್ಬ ವಿಯೆಟ್ನಾಂನಾಂವ ಅದಾನ, ಓದಸ್ಬೇಕಂದ್ರ… ಬ್ಯಾಡ, ಬ್ಯಾಡ, ಪೊಲೀಸ್ರೇ ಓದಸ್ಲಿ.

ಹಾಸನದ_ಹುಡುಗ
ಕಳ್ಸಿದೀನಿ. ಸ್ಕಿಪ್ ಕ್ಯಾನ್ಸಲ್ ಮಾಡ್ದೆ, 60 ಪೌಂಡ್ ಹೋಯ್ತು. ಇವತ್ತು ಸಂಜೆ ಅಲ್ಲಿಂದ ಫೋನ್ ಬಂತು, ಇನ್ನೊಂದ್ಸಲ ಮನೆಗೆ ಬರ್ತೀವಿ, ಆ ಕಪಾಟು ಹಾಗೇ ಇರ್ಲಿ ಅಂದ್ರು. ಹುಡುಗ ಎಲ್ಲಿದಾನೆ ಅಂದಿದ್ದಕ್ಕೆ ಹೇಳಕ್ಕಾಗಲ್ಲ ಅಂದ್ರು.

ಬೋಂಡಾ_ಸೂಪ್
ಒಳ್ಳೇದಾಯ್ತು ಗುರು. ಆ ಮೇಲ್‌ನ ಒಂದು ಕಾಪಿ ಇನ್ಶೂರೆನ್ಸ್‌ನವ್ರಿಗೂ ಹಾಕು. ಏಜೆಂಟ್ ಫೀ ಮಾತ್ರ ಬಿಡ್ಬೇಡ.